ನಾಯಿ ಸೂರಿಗೆ ಹತ್ತಿದ್ದು ಯಾವಾಗ?

"ಅಲ್ಲ ಮೇಷ್ಟ್ರೇ, ನಾಯಿ ಯಾವತ್ತಾದರೂ ಹುಲ್ಲಿನ ಸೂರು ಹತ್ತಿ ಮಲಗಿದ್ದು ನೋಡಿದ್ದೀರಾ?"

ಇಂಥ ಪ್ರಶ್ನೆ ಕೇಳಿದರೆ ಪಕ್ಕದ ಮನೆ ಮೇಷ್ಟ್ರು ಕರಿಬೇವಿನ ಗಿಡಕ್ಕೆ ನೀರು ಬಿಡುವುದನ್ನು ನಿಲ್ಲಿಸುತ್ತಾರೆ ಅಂತ ನನಗೆ ಗೊತ್ತು. ಸರ್ವೀಸು ಪೂರ್ತಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಕಾಂಪೌಂಡಿನ ಈಚೆಯಿಂದ ಇಂಗ್ಲಿಷಿನ ಒಂದು ತಕರಾರು ಎಸೆದರೆ ಸಾಕು, ಪೈಪು ಕೆಳಗೆ, ಕನ್ನಡಕ ಮೇಲೆ.

ತಕರಾರು ಹುಟ್ಟಿದ್ದು ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ. ಶುಭೋದಯ, ಸುವಿಚಾರಗಳ ನಡುವೆ ಅಮೆರಿಕದಲ್ಲಿರುವ ನನ್ನ ಮೈದುನ ಉದ್ದದ್ದೊಂದು ಫಾರ್ವರ್ಡ್ ಹಾಕಿದ್ದ. 1500ರ ಕಾಲದಲ್ಲಿ ಇಂಗ್ಲೆಂಡಿನ ಮನೆಗಳಿಗೆಲ್ಲ ಹುಲ್ಲಿನ ಸೂರಂತೆ. ಚಳಿ ತಡೆಯಲಾರದೆ ನಾಯಿ ಬೆಕ್ಕುಗಳು ಆ ಹುಲ್ಲಿನೊಳಗೆ ಹೊಕ್ಕು ಮಲಗುತ್ತಿದ್ದವಂತೆ. ಜೋರು ಮಳೆ ಬಂದರೆ ಹುಲ್ಲು ಜಾರಿ, ಮಲಗಿದ್ದವೆಲ್ಲ ದಬದಬ ಕೆಳಗೆ ಬೀಳುತ್ತಿದ್ದವಂತೆ. ಅದಕ್ಕೇ ಜಡಿಮಳೆಗೆ 'ರೈನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್' ಅನ್ನುತ್ತಾರಂತೆ. ಇಷ್ಟು 'ಅಂತೆ'ಗಳು ಸಾಲಾಗಿ ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಸೋಗೆ ಮನೆಯಲ್ಲಿ. ಬೆಕ್ಕು ಅಟ್ಟದ ಮೇಲೆ ಸಂಸಾರ ಹೂಡುತ್ತಿತ್ತು, ಒಪ್ಪಿದೆ. ನಾಯಿ ಜಗಲಿ ಬಿಟ್ಟು ಮೇಲೆ ಹೋದದ್ದಿಲ್ಲ. ಇಂಗ್ಲೆಂಡಿನ ನಾಯಿಗೆ ಏಣಿ ಹಾಕಿಕೊಟ್ಟವರು ಯಾರು? ಅಲ್ಲದೆ, ಮಳೆ ಹೊಡೆಯುವಾಗ ಬುದ್ಧಿಯಿರುವ ಯಾವ ನಾಯಿ ಸೂರಿನ ಮೇಲಿರುತ್ತದೆ? ಒಲೆಯ ಮಗ್ಗುಲಲ್ಲಿ, ಬಿಸಿ ಬೂದಿಯಲ್ಲಿರುತ್ತದೆ.

ಮೇಷ್ಟ್ರು ನಕ್ಕರು. "ಅದು ಹಳೇ ಸರಕು ಕಣಮ್ಮಾ. 1999ರಲ್ಲೇ ಇ-ಮೇಲಿನಲ್ಲಿ ಲೋಕವೆಲ್ಲ ಸುತ್ತಿತ್ತು. ಈಗ ವೇಷ ಬದಲಾಯಿಸಿ ನಿಮ್ಮ ಮೈದುನನ ಕೈಗೆ ಬಂದಿದೆ. ಇಂಥ ಕಥೆ ಬಂದಾಗ ಒಂದೇ ಕೆಲಸ. ಜಾತಕ ತರಿಸಬೇಕು."

"ಯಾರ ಜಾತಕ?"

"ಎರಡರದ್ದೂ. ಮಾತು ಬರಹದಲ್ಲಿ ಮೊದಲು ಕಂಡದ್ದು ಯಾವ ವರ್ಷ? ಅದರ ಮೂಲ ಅಂತ ಹೇಳೋ ಕಥೆ ಮೊದಲು ಕಂಡದ್ದು ಯಾವ ವರ್ಷ? ಪಕ್ಕಪಕ್ಕ ಇಟ್ಟು ನೋಡಿ. ಮಗಳಿಗಿಂತ ಅಮ್ಮನೇ ಚಿಕ್ಕವಳಾದರೆ, ಆಕೆ ಅಮ್ಮ ಅಲ್ಲ."

ಮೇಷ್ಟ್ರ ಪಂಚಾಂಗ ಎಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಒಂದೊಂದು ಪದವೂ ಬರಹದಲ್ಲಿ ಮೊದಲು ಕಾಣಿಸಿಕೊಂಡ ವರ್ಷವನ್ನು ಹುಡುಕಿ ನಮೂದಿಸುವುದೇ ಅದರ ಹಟ. ಹತ್ತೊಂಬತ್ತನೇ ಶತಮಾನದಲ್ಲಿ ಆ ಕೆಲಸಕ್ಕಾಗಿ ನೂರಾರು ಓದುಗರು ಹಳೆಯ ಪುಸ್ತಕಗಳನ್ನು ಜಾಲಾಡಿ ಚೀಟಿ ಬರೆದು ಕಳಿಸಿದ್ದರು. ಅವರಲ್ಲಿ ಬಹಳ ದುಡಿದ ಒಬ್ಬ, ವಿಲಿಯಂ ಮೈನರ್ ಎಂಬ ಅಮೆರಿಕನ್ ಡಾಕ್ಟರು, ಕೊಲೆ ಮಾಡಿ ಹುಚ್ಚಾಸ್ಪತ್ರೆಯಲ್ಲಿದ್ದವನು. ಪದಗಳ ವಯಸ್ಸು ಹುಡುಕಲು ಅಷ್ಟು ಹುಚ್ಚು ಬೇಕೇನೋ.

ಸರಿ, ನಾಯಿಬೆಕ್ಕಿನ ಜಾತಕ ಹೀಗಿದೆ. 1651ರಲ್ಲಿ ವೇಲ್ಸ್‌ನ ಕವಿ ಹೆನ್ರಿ ವಾನ್ ನಾಯಿಬೆಕ್ಕುಗಳ ಮಳೆ ಸುರಿದರೂ ತಡೆದುಕೊಳ್ಳುವ ಸೂರಿನ ಮಾತೆತ್ತುತ್ತಾನೆ. ಆಹಾ, ಸೂರು ಇದೆಯಲ್ಲ ಅಂತ ಮೈದುನ ಕುಣಿಯಬಹುದು. ಆದರೆ ಅಲ್ಲಿ ಪ್ರಾಣಿಗಳು ಸೂರಿನಿಂದ ಬೀಳುತ್ತಿಲ್ಲ, ಸೂರಿನ ಮೇಲೆ ಬೀಳುತ್ತಿವೆ. 1653ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮ್‌ನ ನಾಟಕದಲ್ಲಿ ಬೆಕ್ಕಿನ ಜಾಗದಲ್ಲಿ ಪೋಲ್‌ಕ್ಯಾಟ್ ಎಂಬ ನಾರುವ ಕಾಡುಪ್ರಾಣಿ ಬೀಳುತ್ತದೆ. ಈಗ ನಾವು ಹೇಳುವ ರೂಪ ಸಿಗುವುದು 1738ರಲ್ಲಿ, ಜೊನಾಥನ್ ಸ್ವಿಫ್ಟ್‌ನ ಪುಸ್ತಕದಲ್ಲಿ. ದೊಡ್ಡ ಮನೆಗಳ ಸವಕಲು ಮಾತುಗಳನ್ನು ಗೇಲಿ ಮಾಡಲೆಂದೇ ಬರೆದ ಪುಸ್ತಕ ಅದು. ಅಂದರೆ ಅಷ್ಟು ಹೊತ್ತಿಗಾಗಲೇ ಮಾತು ಹಳಸಿತ್ತು! ಅದೇ ಸ್ವಿಫ್ಟ್ 1710ರಲ್ಲಿ ಲಂಡನ್ನಿನ ಜೋರು ಮಳೆಯ ಮೇಲೊಂದು ಪದ್ಯ ಬರೆದು, ಗಟಾರದಲ್ಲಿ ಸತ್ತ ಬೆಕ್ಕು, ಮುಳುಗಿದ ನಾಯಿಮರಿ ತೇಲಿಬಿಟ್ಟಿದ್ದ. ಕೆಲವರು ಅದನ್ನೇ ಮೂಲ ಅಂದರು. ವರ್ಷ ಕೂಡುವುದಿಲ್ಲ. ಇನ್ನು ಕೆಲವರು ನಾರ್ವೆ ಕಡೆಯ ಓಡಿನ್ ದೇವರ ನಾಯಿ, ಗ್ರೀಕ್ ಪದಗಳ ಅಪಭ್ರಂಶ ಅಂತೆಲ್ಲ ಎಳೆದರು. ಅವಕ್ಕೆ ಜಾತಕವೇ ಇಲ್ಲ.

"ಹಾಗಾದರೆ ನಿಜವಾದ ಮೂಲ?"

"ಮೂಲ ಯಾಕೆ ಬೇಕು? ವೇಲ್ಸ್ ಭಾಷೆಯಲ್ಲಿ ಜೋರು ಮಳೆಗೆ ಮುದುಕಿಯರೂ ಕೋಲುಗಳೂ ಸುರಿಯುತ್ತಿವೆ ಅಂತಾರೆ. ಡೆನ್ಮಾರ್ಕಿನಲ್ಲಿ ಚಮ್ಮಾರರ ಹುಡುಗರು ಸುರೀತಾರೆ. ಅಲ್ಲಿ ಯಾವ ಸೂರಿನಿಂದ ಮುದುಕಿ ಜಾರಿದಳು?"

ಇಲ್ಲಿ ನನಗೆ ನಮ್ಮೂರು ನೆನಪಾಯಿತು. ಆಲಿಕಲ್ಲಿಗೆ ನಾವು ಆನೆಕಲ್ಲು ಅನ್ನುತ್ತಿದ್ದೆವು. ಅಂಗಳದಲ್ಲಿ ಪಟಪಟ ಬಿದ್ದ ಮಂಜಿನ ಕಾಳನ್ನು ಬಾಯಿಗೆ ಹಾಕಿಕೊಳ್ಳುವಾಗ ಆನೆ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ. ಯಾರ ಕಡೆಯವರು ದಿಬ್ಬಣ ತಂದರು, ಊಟಕ್ಕೆ ಏನು ಅಂತ ವಿಚಾರಿಸಿದವರಿಲ್ಲ. ಮೇಷ್ಟ್ರು ಹೇಳಿದ ಮೇಲೆ ಗೊತ್ತಾಯಿತು, ದಕ್ಷಿಣ ಆಫ್ರಿಕದ ಇಂಗ್ಲಿಷಿನಲ್ಲಿ ಅದೇ ಬಿಸಿಲುಮಳೆಗೆ ಮಂಗಗಳ ಮದುವೆ ಅನ್ನುತ್ತಾರಂತೆ, ಜುಲು ಭಾಷೆಯಿಂದ ಬಂದದ್ದು. ಜಪಾನಿನಲ್ಲಿ ನರಿಯ ಮದುವೆ. ಇಷ್ಟು ದೂರದ ಜನರೆಲ್ಲ ಒಂದೇ ಮುಹೂರ್ತಕ್ಕೆ ಮದುವೆ ಇಟ್ಟುಕೊಂಡಿರುವುದು ಸೂರಿನ ಕಥೆಗಿಂತ ನನಗೆ ಸ್ವಾರಸ್ಯವಾಗಿ ಕಂಡಿತು.

ಗುಟ್ಟು ರಟ್ಟಾದರೆ ಇಂಗ್ಲಿಷಿನವರು ಬೆಕ್ಕು ಚೀಲದಿಂದ ಹೊರಬಂತು ಅನ್ನುತ್ತಾರೆ. ಅದಕ್ಕೊಂದು ಸಂತೆಯ ಕಥೆ: ಹಂದಿಮರಿ ಅಂತ ಹೇಳಿ ಮೋಸಗಾರರು ಚೀಲದಲ್ಲಿ ಬೆಕ್ಕು ಕಟ್ಟಿಕೊಡುತ್ತಿದ್ದರಂತೆ, ಮನೆಗೆ ಹೋಗಿ ಬಿಚ್ಚಿದರೆ ಮಿಯಾಂವ್. ಸಂತೆಗೆ ಹೋಗಿಬಂದ ಯಾರೂ ಇದನ್ನು ನಂಬಲಾರರು. ಹಂದಿಮರಿಯ ತೂಕ ಏನು, ಕಿರುಚಾಟ ಏನು! ಚೀಲ ಎತ್ತಿದ ಕೂಡಲೇ ಗೊತ್ತಾಗದಷ್ಟು ದಡ್ಡ ಗಿರಾಕಿ ಹಂದಿ ಸಾಕಿ ಉದ್ಧಾರವಾಗುವುದು ಅಷ್ಟರಲ್ಲೇ ಇದೆ. ಮಾತು ಅಚ್ಚಿನಲ್ಲಿ ಸಿಗುವುದು 1760ರಲ್ಲಿ, ಲಂಡನ್ನಿನ ಪತ್ರಿಕೆಯೊಂದರ ಪುಸ್ತಕ ವಿಮರ್ಶೆಯಲ್ಲಿ. ಅಲ್ಲಿ ಸಂತೆಯೂ ಇಲ್ಲ, ಹಂದಿಯೂ ಇಲ್ಲ. ಕಥೆಗಾರ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟ ಎಂಬ ಆಕ್ಷೇಪ, ಅಷ್ಟೆ.

ಆಮೇಲೆ ಹಿತ್ತಾಳೆ ಕೋತಿ. ಇದನ್ನು ಹೇಳುವಾಗ ಮೇಷ್ಟ್ರು ಅಡುಗೆಮನೆ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಕಡು ಚಳಿಗೆ, ಹಿತ್ತಾಳೆ ಕೋತಿಯ 'ಇಂಥಾದ್ದು' ಉದುರುವಷ್ಟು ಚಳಿ ಅಂತ ಇಂಗ್ಲಿಷಿನಲ್ಲಿ ಹೇಳುವುದುಂಟು. ಇಂಥಾದ್ದು ಎಂದರೆ ಏನು ಅಂತ ನೀವೇ ಊಹಿಸಿಕೊಳ್ಳಿ, ಇದು ಮನೆಮಂದಿ ಓದುವ ಪತ್ರಿಕೆ. ಮರ್ಯಾದಸ್ಥರು ಅದಕ್ಕೆ ಮಾನ ಮುಚ್ಚುವ ಕಥೆಯೊಂದನ್ನು ಕಟ್ಟಿದ್ದಾರೆ. ಹಳೆಯ ಯುದ್ಧದ ಹಡಗುಗಳಲ್ಲಿ ಫಿರಂಗಿ ಗುಂಡುಗಳನ್ನು ಗೋಪುರದ ಹಾಗೆ ಪೇರಿಸಲು ಹಿತ್ತಾಳೆಯ ತಟ್ಟೆ ಇತ್ತಂತೆ, ಅದರ ಹೆಸರು ಮಂಕಿ ಅಂತೆ. ಚಳಿಗೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಕುಗ್ಗಿ ಗುಂಡುಗಳು ಉರುಳುತ್ತಿದ್ದವಂತೆ. ವಿಜ್ಞಾನವೂ ಇದೆ, ಇತಿಹಾಸವೂ ಇದೆ, ಮಾನವೂ ಉಳಿಯಿತು! ಆದರೆ ಹಡಗಿನಲ್ಲಿ ಗುಂಡುಗಳನ್ನು ಇಡುತ್ತಿದ್ದದ್ದು ತೂತು ಕೊರೆದ ಮರದ ಹಲಗೆಯಲ್ಲಿ. ಅಲೆಯ ಮೇಲೆ ಓಲಾಡುವ ಹಡಗಿನಲ್ಲಿ ಸಂತೆಯ ಕಿತ್ತಳೆಯಂತೆ ಯಾರು ಪೇರಿಸುತ್ತಾರೆ? ಆ ಕುಗ್ಗುವಿಕೆಯೂ ಕೂದಲೆಳೆಯಷ್ಟು. ಇದಕ್ಕಿಂತ ಗಟ್ಟಿ ಸಾಕ್ಷಿ ಹರ್ಮನ್ ಮೆಲ್ವಿಲ್. ಮೊಬಿ ಡಿಕ್ ಬರೆಯುವ ಮೊದಲು 1847ರಲ್ಲಿ ಆತ ಬರೆದ ಓಮೂ ಎಂಬ ಪುಸ್ತಕದಲ್ಲಿ ಹಿತ್ತಾಳೆ ಕೋತಿಯ ಮೂಗು ಕರಗುವುದು ಸೆಖೆಗೆ. ಆ ಬಡಪಾಯಿ ಕೋತಿ ಮೂಗು, ಕಿವಿ, ಬಾಲ ಎಲ್ಲ ಕಳೆದುಕೊಂಡ ಮೇಲೆ ಕೊನೆಗೆ ಇಂಥಾದ್ದನ್ನು ಕಳೆದುಕೊಂಡದ್ದು. ಗುಂಡಿಗೂ ಅದಕ್ಕೂ ಸಂಬಂಧವೇ ಇಲ್ಲ.

"ಏನ್ರೀ ಅದು ನಗು?" ಅಂತ ಒಳಗಿನಿಂದ ಕೇಳಿಬಂತು. "ಏನಿಲ್ಲ, ಗ್ರಾಮರು," ಅಂದರು ಮೇಷ್ಟ್ರು.

ನಾನು ಬಿಳಿಯಾನೆಗೆ ಹೋದೆ. ನಮ್ಮ ಪೇಪರುಗಳಿಗೆ ಇದು ದಿನನಿತ್ಯದ ಮಾತು. ನಷ್ಟದ ಕಾರ್ಖಾನೆ, ಮುಗಿಯದ ನೀರಾವರಿ ಯೋಜನೆ, ಎಲ್ಲವೂ ಬಿಳಿಯಾನೆಯೇ. ಮೂಲ ಗೊತ್ತಲ್ಲ: ಸಯಾಂ ದೇಶದ ರಾಜನಿಗೆ ಯಾರ ಮೇಲಾದರೂ ಕೋಪ ಬಂದರೆ ಬಿಳಿಯಾನೆ ಕಾಣಿಕೆ ಕೊಡುತ್ತಿದ್ದನಂತೆ. ಅದು ಪವಿತ್ರ, ದುಡಿಸುವಂತಿಲ್ಲ, ರಾಜನ ಕಾಣಿಕೆ, ಬೇಡ ಅನ್ನುವಂತಿಲ್ಲ. ಸಾಕಿ ಸಾಕಿ ಮನೆ ದಿವಾಳಿ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ.

"ಚಂದದ ಕಥೆ," ಅಂದರು ಮೇಷ್ಟ್ರು. "ಆದರೆ ಬಿಳಿಯಾನೆ ಅಂದರೆ ಆ ರಾಜರಿಗೆ ಪ್ರಾಣ. ರಾಜ್ಯದಲ್ಲಿ ಎಲ್ಲಿ ಸಿಕ್ಕಿದರೂ ಅದು ಅರಮನೆಗೆ ಸೇರಬೇಕು. ಬರ್ಮಾದ ದೊರೆ ಬಯಿನ್ನೌಂಗ್ ತನಗೂ ಬಿಳಿಯಾನೆ ಕೊಡಿ ಅಂತ ಕೇಳಿದ. ಸಯಾಂ ರಾಜ ಕೊಡೋದಿಲ್ಲ ಅಂದ. 1563ರಲ್ಲಿ ಅದೇ ನೆಪಕ್ಕೆ ಯುದ್ಧವೇ ಆಯಿತು. ಯುದ್ಧಕ್ಕೆ ನಿಂತಾದರೂ ಉಳಿಸಿಕೊಳ್ಳೋಕೆ ನೋಡಿದ ಆನೇನ ಕೋಪ ಬಂದ ಅಧಿಕಾರಿಗೆ ದಾನ ಕೊಡ್ತಾರಾ? ಅವರ ಬಾವುಟದ ಮೇಲೂ 1916ರವರೆಗೆ ಬಿಳಿಯಾನೆಯೇ ಇತ್ತು. ದಂಡಕ್ಕೆ ಕೊಡೋ ವಸ್ತೂನ ಯಾರೂ ಬಾವುಟಕ್ಕೆ ಹಾಕ್ಕೊಳ್ಳೋದಿಲ್ಲ."

ಈ ಆನೆಯಿಂದ ನಿಜವಾಗಿ ಪೇಚಿಗೆ ಸಿಕ್ಕಿದವನು ಅಮೆರಿಕದ ಸರ್ಕಸ್ಸಿನ ಪಿ. ಟಿ. ಬಾರ್ನಮ್. ಬರ್ಮಾದಿಂದ ಭಾರೀ ಹಣ ತೆತ್ತು ತೌಂಗ್ ತಲೌಂಗ್ ಎಂಬ ಬಿಳಿಯಾನೆಯನ್ನು 1884ರಲ್ಲಿ ತರಿಸಿದ. ಜನ ಹಾಲಿನಂಥ ಬಿಳುಪು ನೋಡಲು ಬಂದರೆ ಅಲ್ಲಿದ್ದದ್ದು ಬೂದು ಬಣ್ಣದ ಆನೆ, ಅಲ್ಲಲ್ಲಿ ಗುಲಾಬಿ ಮಚ್ಚೆ. ಪವಿತ್ರವಾದ ಬಿಳಿಯಾನೆ ಎಂದರೆ ಅಷ್ಟೇ ಬಿಳಿ ಅಂತ ಬಾರ್ನಮ್ ಹೇಳಿದ್ದು ನಿಜ. ನಿಜ ಯಾರಿಗೆ ಬೇಕು? ಅವನ ಎದುರಾಳಿ ಆಡಮ್ ಫೋರ್‌ಪಾ ಒಂದು ಮಾಮೂಲಿ ಆನೆಗೆ ಸುಣ್ಣ ಬಳಿಸಿ, 'ಲೈಟ್ ಆಫ್ ಏಷ್ಯಾ' ಎಂದು ಹೆಸರಿಟ್ಟು ಮೆರವಣಿಗೆ ಮಾಡಿದ. ಜನ ಅದಕ್ಕೇ ಮುಗಿಬಿದ್ದರು. ನನಗಂತೂ ಈ ಸುಣ್ಣದ ಆನೆ ಸಯಾಂ ರಾಜನ ಆನೆಗಿಂತ ಇಷ್ಟವಾಯಿತು. ಮಾತುಗಳ ಮೂಲ ಹೇಳುವ ಕಥೆಗಳಲ್ಲಿ ಮುಕ್ಕಾಲುಪಾಲು ಇದೇ ಕುಲದವು.

ಷೇರುಪೇಟೆಯ ಗೂಳಿ, ಕರಡಿಗೂ ಹೀಗೇ ಸುಣ್ಣ ಬಳಿದಿದ್ದಾರೆ. ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತುತ್ತದೆ, ಕರಡಿ ಪಂಜದಿಂದ ಕೆಳಕ್ಕೆ ಬಡಿಯುತ್ತದೆ ಅಂತ ಟೀವಿಯವರು ಹೇಳುತ್ತಾರಲ್ಲ, ಅದು ಹಿಂದಿನಿಂದ ಹೊಲಿದ ಅಂಗಿ. ಕರಡಿ ಹಿಡಿಯುವ ಮುಂಚೆಯೇ ಚರ್ಮ ಮಾರಬೇಡ ಅಂತ ಇಂಗ್ಲಿಷರಲ್ಲೊಂದು ಗಾದೆ, ನಮ್ಮ ಕೂಸು ಹುಟ್ಟುವ ಮುಂಚೆ ಕುಲಾವಿಯ ಹಾಗೆ. ಬೆಲೆ ಬೀಳುತ್ತದೆಂದು ನಂಬಿ, ಕೈಯಲ್ಲಿಲ್ಲದ ಷೇರನ್ನು ಇಂದೇ ಮಾರಿ ನಾಳೆ ಅಗ್ಗಕ್ಕೆ ಕೊಂಡು ತುಂಬಿಕೊಡುವವನಿಗೆ ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಕರಡಿಚರ್ಮದ ವ್ಯಾಪಾರಿ ಎಂಬ ಹೆಸರು ಬಿತ್ತು. ಗೂಳಿ ಅವನಿಗೆ ಜೋಡಿಯಾಗಿ ಬಂದದ್ದು.

ನಾನು ಟರ್ಕಿ ಕೋಳಿಯ ಬಗ್ಗೆ ಕೇಳಿದೆ. ಮಗಳ ಮನೆಯಲ್ಲಿ ನವೆಂಬರಿನಲ್ಲಿ ಅದರದ್ದೇ ಸಡಗರ. ಇಲ್ಲಿ ಕಥೆ ಕಟ್ಟುವ ಅಗತ್ಯವೇ ಇಲ್ಲ, ನಿಜವೇ ಸಾಕಷ್ಟು ಗೋಜಲಾಗಿದೆ. ಹಕ್ಕಿ ಮೆಕ್ಸಿಕೋದ್ದು. ಆಫ್ರಿಕದ ಗಿನಿ ಕೋಳಿ ತುರ್ಕಿ ರಾಜ್ಯದ ವ್ಯಾಪಾರಿಗಳ ಮೂಲಕ ಬರುತ್ತಿದ್ದುದರಿಂದ ಇಂಗ್ಲಿಷರು ಅದನ್ನು ಟರ್ಕಿ ಕೋಳಿ ಅನ್ನುತ್ತಿದ್ದರು. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ತಂದ ಹೊಸ ಹಕ್ಕಿಗೂ ಅದೇ ಹೆಸರು ಅಂಟಿತು. ತುರ್ಕಿಯವರನ್ನು ಕೇಳಿದರೆ, ನಮ್ಮದಲ್ಲಪ್ಪ, ಅದು 'ಹಿಂದಿ' ಅನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು. ಫ್ರೆಂಚರಿಗೂ ಅದು ಇಂಡಿಯಾದ ಕೋಳಿಯೇ. ಡಚ್ಚರು ಊರನ್ನೂ ಗುರುತಿಸಿಬಿಟ್ಟರು: ಕಾಲ್ಕೂನ್, ನಮ್ಮ ಪಕ್ಕದ ಕಲ್ಲಿಕೋಟೆಯ ಕೋಳಿ! ಪೋರ್ಚುಗೀಸರು ಪೆರು ದೇಶದ ಹೆಸರಿಟ್ಟರು. ಪಾಪ, ಕಲ್ಲಿಕೋಟೆಯವರಿಗೆ ಈ ಗೌರವದ ಸುದ್ದಿ ತಲುಪಿತ್ತೋ ಇಲ್ಲವೋ. 1612ರಲ್ಲಿ ಗೋವಾದಿಂದ ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ ಒಂದು ಟರ್ಕಿ ಹೋಯಿತು. ಇಂಥದ್ದನ್ನು ಕಂಡೇ ಇಲ್ಲ ಅಂತ ಆತ ಬೆರಗಾಗಿ ಚಿತ್ರಕಾರ ಮನ್ಸೂರನ ಕೈಲಿ ಚಿತ್ರ ಬರೆಸಿದ. ಯುರೋಪೆಲ್ಲ ಇಂಡಿಯಾದ ಕೋಳಿ ಅಂತ ತಿನ್ನುತ್ತಿದ್ದಾಗ ಇಂಡಿಯಾದ ದೊರೆ ಅದನ್ನು ನೋಡಿ ಬಾಯಿ ಬಿಟ್ಟು ನಿಂತಿದ್ದ.

"ಒಬ್ಬನೇ ಮನುಷ್ಯ ಕೂತು ಹುಟ್ಟಿಸಿದ ಪ್ರಾಣಿಯೂ ಒಂದಿದೆ," ಅಂದರು ಮೇಷ್ಟ್ರು. ಅದು ಸ್ಕೇಪ್‌ಗೋಟ್. ವಿಲಿಯಂ ಟಿಂಡೇಲ್ 1530ರಲ್ಲಿ ಬೈಬಲಿನ ಮೊದಲ ಭಾಗಗಳನ್ನು ಹೀಬ್ರೂದಿಂದ ಇಂಗ್ಲಿಷಿಗೆ ತರುವಾಗ 'ಅಜಾಜೆಲ್' ಎಂಬ ಪದದ ಹತ್ತಿರ ತಡೆದು ನಿಂತ. ಅದನ್ನು ಒಡೆದು, ಹೊರಟುಹೋಗುವ ಮೇಕೆ ಎಂದು ಓದಿಕೊಂಡು ಈ ಪದ ಟಂಕಿಸಿದ. ಅಜಾಜೆಲ್ ಮೇಕೆಯೇ ಅಲ್ಲ, ಕಾಡಿನ ಭೂತದ ಹೆಸರು ಅಂತ ಈಗಿನ ಬಹಳ ಪಂಡಿತರ ಮತ. ಟಿಂಡೇಲನಿಗೆ ಧರ್ಮದ್ರೋಹದ ಆರೋಪದ ಮೇಲೆ 1536ರಲ್ಲಿ ಮರಣದಂಡನೆಯಾಯಿತು, ಪದ ಬದುಕಿತು.

ಅಜಾಜೆಲ್ ಎಂಬ ಪದ ಬರುವುದು ಪಾಪ ಕಳೆಯುವ ಒಂದು ಆಚರಣೆಯಲ್ಲಿ. ಅಲ್ಲಿ ಎರಡು ಮೇಕೆಗಳು. ಒಂದನ್ನು ದೇವರಿಗೆ ಕಡಿಯುತ್ತಿದ್ದರು. ಇನ್ನೊಂದರ ತಲೆಯ ಮೇಲೆ ಊರವರ ಪಾಪವನ್ನೆಲ್ಲ ಹೊರಿಸಿ ಕಾಡಿಗೆ ಅಟ್ಟುತ್ತಿದ್ದರು. ಹಾಗಾದರೆ ನಾವು ಪೇಪರಿನಲ್ಲಿ ಬಲಿಪಶು ಅಂತ ಬರೆಯುವುದು ಮೊದಲನೇ ಮೇಕೆಯನ್ನಲ್ಲವೇ, ಎರಡನೆಯದು ತಪ್ಪಿಸಿಕೊಂಡಿತಲ್ಲ ಅಂದೆ. "ತಪ್ಪಿಸಿಕೊಳ್ಳಲಿಲ್ಲ ಕಣಮ್ಮಾ. ಪಾಪ ಹೊತ್ತ ಮೇಕೆ ಊರಿಗೇ ವಾಪಸು ಬಂದರೆ ಗತಿ ಏನು? ಜೆರುಸಲೇಮಿನವರು ಆಮೇಲಾಮೇಲೆ ಅದನ್ನು ಗುಡ್ಡದ ತುದಿಗೆ ಕರಕೊಂಡು ಹೋಗಿ ಹಿಂಬದಿಯಿಂದ ತಳ್ಳಿಬಿಡ್ತಿದ್ದರು." ಸರಿ, ಪೇಪರಿನವರು ಗೆದ್ದರು.

ಅಷ್ಟು ಹೊತ್ತಿಗೆ ನನಗೆ ಮೇಷ್ಟ್ರ ಜಾತಕದ ನಿಯಮವನ್ನು ಮುರಿಯಬೇಕೆಂಬ ಚಪಲ ಹತ್ತಿತ್ತು. ಎಲ್ಲ ಕಥೆಯೂ ಮಾತಿಗಿಂತ ಕಿರಿಯದೇ? ಕಥೆಯಿಂದಲೇ ಹುಟ್ಟಿದ ಮಾತು ಒಂದೂ ಇಲ್ಲವೇ? ಮೇಷ್ಟ್ರು ಸ್ವಲ್ಪ ಹೊತ್ತು ಗಡ್ಡ ಕೆರೆದು, "ರೆಡ್ ಹೆರಿಂಗ್" ಅಂದರು.

ಹೆರಿಂಗ್ ಒಂದು ಸಮುದ್ರದ ಮೀನು. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದರೆ ಕೆಂಪಾಗಿ, ಬೀದಿ ಪೂರ್ತಿ ನಾರುತ್ತದೆ. ನಮ್ಮ ಕರಾವಳಿಯ ಒಣಮೀನು ಗೊತ್ತಿದ್ದವರಿಗೆ ವಿವರಣೆ ಬೇಕಿಲ್ಲ. ವಿಷಯದ ದಾರಿ ತಪ್ಪಿಸುವುದಕ್ಕೆ ಈ ಮೀನಿನ ಹೆಸರು. ಮೊಲದ ಜಾಡು ಹಿಡಿದ ಬೇಟೆನಾಯಿಗಳ ದಾರಿಗೆ ಅಡ್ಡವಾಗಿ ಮೀನು ಎಳೆದು ದಿಕ್ಕು ತಪ್ಪಿಸುತ್ತಿದ್ದರು ಅಂತ ಹೇಳುತ್ತಾರೆ. ಹಾಗೆ ಹೇಳಿದವನು ವಿಲಿಯಂ ಕಾಬೆಟ್ ಎಂಬ ಜಗಳಗಂಟ ಪತ್ರಕರ್ತ, 1807ರಲ್ಲಿ ತನ್ನ ಪೊಲಿಟಿಕಲ್ ರಿಜಿಸ್ಟರ್ ಪತ್ರಿಕೆಯಲ್ಲಿ. ನೆಪೋಲಿಯನ್ ಸೋತನೆಂಬ ಸುಳ್ಳು ಸುದ್ದಿಯ ಹಿಂದೆ ಓಡಿ, ದೇಶದೊಳಗಿನ ಸಂಗತಿಗಳನ್ನು ಮರೆತ ಲಂಡನ್ನಿನ ಪತ್ರಿಕೆಗಳಿಗೆ ಛಡಿಯೇಟು ಕೊಡಬೇಕಿತ್ತು. ಅದಕ್ಕೆ ತಾನು ಹುಡುಗನಾಗಿದ್ದಾಗ ನಾಯಿಗಳಿಗೆ ಹೀಗೆ ಮಾಡುತ್ತಿದ್ದೆ ಅಂತ ಒಂದು ಕಥೆ ಹೊಸೆದ. ಬೇಟೆಗಾರರಲ್ಲಿ ಅಂಥ ಪದ್ಧತಿಯೇನೂ ಇರಲಿಲ್ಲ. ಆದರೆ ಓದುಗರು ಕಥೆಯನ್ನು ನಂಬಿದರು, ಮಾತನ್ನು ಎತ್ತಿಕೊಂಡರು. ಸುಳ್ಳು ಸುದ್ದಿಯ ಮೇಲೆ ಸಿಟ್ಟಾದವನು ಕಟ್ಟಿದ ಸುಳ್ಳು ಇಂಗ್ಲಿಷ್ ಭಾಷೆಗೆ ಒಂದು ಖಾಯಂ ಪದ ಕೊಟ್ಟಿತು. ಇಲ್ಲಿ ಅಮ್ಮ ಮಗಳಿಗಿಂತ ಹಿರಿಯಳೇ, ಜಾತಕ ಕೂಡುತ್ತದೆ. ಗುಣ ಮಾತ್ರ ಕೇಳಬೇಡಿ.

"ಹಾಗಾದರೆ ಕಾಂಗರೂ?" ಅಂದೆ. ಸ್ಕೂಲಿನಲ್ಲಿ ಎಲ್ಲರೂ ಕೇಳಿದ್ದೇವೆ: ಕ್ಯಾಪ್ಟನ್ ಕುಕ್ ಇದೇನು ಪ್ರಾಣಿ ಅಂದನಂತೆ, ಆಸ್ಟ್ರೇಲಿಯದ ಮೂಲನಿವಾಸಿ 'ಕಾಂಗರೂ' ಅಂದನಂತೆ, ಹಾಗೆಂದರೆ 'ನೀನು ಹೇಳಿದ್ದು ಅರ್ಥವಾಗಲಿಲ್ಲ' ಅಂತ ಅರ್ಥವಂತೆ.

ಇದು ಆ ಜನರ ಮೇಲೆ ಹೊರಿಸಿದ ಅಪವಾದ. 1770ರ ಜೂನಿನಲ್ಲಿ ಕುಕ್‌ನ ಹಡಗು ಎಂಡೆವರ್ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ಈಗ ಕುಕ್‌ಟೌನ್ ಇರುವ ಕಡೆ ನದಿಯ ಬಾಯಲ್ಲಿ ರಿಪೇರಿ ಮುಗಿಸಲು ವಾರಗಟ್ಟಲೆ ನಿಂತರು. ಅಲ್ಲಿನ ಗೂಗು ಯಿಮಿದಿರ್ ಜನರಿಂದ ಜೋಸೆಫ್ ಬ್ಯಾಂಕ್ಸ್ ಆ ಹೆಸರು ಕೇಳಿ ಬರೆದುಕೊಂಡ. 1820ರಲ್ಲಿ ಫಿಲಿಪ್ ಪಾರ್ಕರ್ ಕಿಂಗ್ ಎಂಬ ನಾವಿಕ ಅದೇ ಜಾಗಕ್ಕೆ ಹೋಗಿ ಕೇಳಿದಾಗ ಬೇರೆಯೇ ಪದ ಸಿಕ್ಕಿತು. ಆಗ ಕುಕ್ ಏನೋ ಎಡವಿದ್ದಾನೆ ಎಂಬ ಗುಮಾನಿಗೆ ಬಲ ಬಂತು. ಕಿಂಗ್‌ಗೆ ಸಿಕ್ಕಿದ್ದು ತಿನ್ನಬಹುದಾದ ಪ್ರಾಣಿ ಎಂಬ ಸಾಮಾನ್ಯ ಪದವಿರಬೇಕು. 1970ರ ದಶಕದಲ್ಲಿ ಜಾನ್ ಹ್ಯಾವಿಲಂಡ್ ಎಂಬ ಭಾಷಾಶಾಸ್ತ್ರಜ್ಞ ಆ ಜನರ ನಡುವೆ ಇದ್ದು ಅವರ ಭಾಷೆ ಕಲಿತ. 'ಗಂಗುರ್ರು' ಅವರ ಮಾತಿನಲ್ಲಿ ದಿಟವಾಗಿಯೂ ಇತ್ತು, ಒಂದು ಜಾತಿಯ ದೊಡ್ಡ ಕಾಂಗರೂವಿನ ಹೆಸರು. ಕೇಳಿದವನು ಸರಿಯಾಗಿ ಕೇಳಿದ್ದ, ಹೇಳಿದವನು ಸರಿಯಾಗಿ ಹೇಳಿದ್ದ. ಅಷ್ಟು ಸರಳವಾದದ್ದು ನಮಗೆ ಇನ್ನೂರು ವರ್ಷ ರುಚಿಸಲಿಲ್ಲ.

ನಿಜವಾದ ತಮಾಷೆ ನಡೆದದ್ದು ಕುಕ್ ಹೋದ ಮೇಲೆ. 1788ರಲ್ಲಿ ಮೊದಲ ಇಂಗ್ಲಿಷ್ ವಲಸಿಗರು ಸಿಡ್ನಿಯಲ್ಲಿ ಇಳಿದಾಗ ಕುಕ್ ಬರೆದಿಟ್ಟ ಪದಪಟ್ಟಿ ಅವರ ಕೈಯಲ್ಲಿತ್ತು. ಅದು ಸಾವಿರ ಮೈಲಿಗೂ ಹೆಚ್ಚು ಉತ್ತರದ ಭಾಷೆ, ಸಿಡ್ನಿಯವರಿಗೆ ಒಂದಕ್ಷರ ತಿಳಿಯದು. ಬಿಳಿಯರು ಹುಮ್ಮಸ್ಸಿನಿಂದ 'ಕಾಂಗರೂ, ಕಾಂಗರೂ' ಅಂದರು. ಇದು ಪ್ರಾಣಿಗೆ ಇಂಗ್ಲಿಷಿನಲ್ಲಿರುವ ಪದ ಅಂತ ಅಲ್ಲಿನವರು ವಿನಯದಿಂದ ಕಲಿತುಕೊಂಡರು. ಆ ಹಡಗುಗಳಲ್ಲಿ ಬಂದಿದ್ದ ಸೇನಾಧಿಕಾರಿ ವಾಟ್ಕಿನ್ ಟೆಂಚ್ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ: ದೊಡ್ಡಿಯಲ್ಲಿ ಕೂಡಿಹಾಕಿದ್ದ ಇಂಗ್ಲೆಂಡಿನ ಕುರಿಗಳನ್ನು ಸುತ್ತುವರಿದು ಅಲ್ಲಿನ ಜನ ಕೂಗುತ್ತಿದ್ದರಂತೆ, "ಕಾಂಗರೂ! ಕಾಂಗರೂ!"